ಸಹಿ ಹಾಕದ ಆನ್ ಕ್ಲಿಫರ್ಡ್

ನಾನು ಆಸ್ತಿ ಭಾಗದ ಕೇಸು ನಡೆಸುವ ವಕೀಲೆ. 17ನೇ ಶತಮಾನದ ಇಂಗ್ಲೆಂಡಿನ ಸಿರಿವಂತ ಮನೆತನದ ಆನ್ ಕ್ಲಿಫರ್ಡ್‌ಳ ದಿನಚರಿ ಕೈಗೆ ಸಿಕ್ಕಾಗ ಅರಮನೆ, ದರ್ಬಾರಿನ ಸುದ್ದಿಗಿಂತ ನನ್ನನ್ನು ಹಿಡಿದು ಕೂರಿಸಿದ್ದು ಅವಳು ಹಾಕದೇ ಉಳಿದ ಒಂದು ಸಹಿ.

1605ರಲ್ಲಿ ಅವಳಪ್ಪ, ಕಂಬರ್‌ಲ್ಯಾಂಡಿನ ಅರ್ಲ್ (ದೊಡ್ಡ ಶ್ರೀಮಂತರ ಬಿರುದು), ತೀರಿಕೊಂಡ. ಉಳಿದಿದ್ದವಳು ಇವಳೊಬ್ಬಳೇ ಮಗಳು. ವಯಸ್ಸು 15. ಅಪ್ಪ ಜಮೀನನ್ನು ತನ್ನ ತಮ್ಮನಿಗೆ ಬರೆದಿಟ್ಟಿದ್ದ. ಆದರೆ 14ನೇ ಶತಮಾನದ ರಾಜ ಎರಡನೇ ಎಡ್ವರ್ಡ್ ಕಾಲದ ಆಸ್ತಿ ಪತ್ರದ ಪ್ರಕಾರ ಅದು ಗಂಡಾಗಲಿ ಹೆಣ್ಣಾಗಲಿ, ಹೊಟ್ಟೆಯಲ್ಲಿ ಹುಟ್ಟಿದವರಿಗೇ ಸೇರಬೇಕು. ಅಮ್ಮ ಮಗಳ ಪರ ಕೇಸು ಹೂಡಿದಳು.

1609ರಲ್ಲಿ ರಿಚರ್ಡ್ ಸ್ಯಾಕ್‌ವಿಲ್ ಜೊತೆ ಮದುವೆಯಾಯಿತು. ಆಗಿನ ಇಂಗ್ಲೆಂಡಿನಲ್ಲಿ ಹೆಂಡತಿಯ ಹಣ, ಒಡವೆ, ಜಮೀನಿನ ಹುಟ್ಟುವಳಿ ಎಲ್ಲ ಗಂಡನದು. ಆದರೆ ತವರಿನ ಜಮೀನನ್ನು ಶಾಶ್ವತವಾಗಿ ಬಿಟ್ಟುಕೊಡಲು ಅವಳ ಒಪ್ಪಿಗೆ ಬೇಕು. ಜೂಜು, ದುಂದುವೆಚ್ಚದ ಗಂಡನಿಗೆ ಬೇಕಾಗಿದ್ದು ರೊಕ್ಕ. ಚಿಕ್ಕಪ್ಪನಿಂದ ಹಣ ಪಡೆದು ಜಮೀನು ಬಿಟ್ಟುಕೊಡುವ ರಾಜಿಗೆ ಸಹಿ ಹಾಕು ಎಂದು ಹಟ ಹಿಡಿದ.

1616ರ ಮೇ ತಿಂಗಳಲ್ಲಿ, ಇನ್ನೂ 2 ತುಂಬದ ಮಗಳನ್ನು ಕಳಿಸಿಕೊಡು ಎಂದು ಗಂಡನಿಂದ ಕಾಗದ ಬಂತು. ಅಡ್ಡಿ ಮಾಡಿದರೆ ಅವನ ಕೋಪ ಜಾಸ್ತಿಯಾಗಿ ಮಗುವಿಗೇ ಕಷ್ಟ ಎಂದು ಯೋಚಿಸಿ ಕಳಿಸಿದಳು. ಸಹಿ ಮಾತ್ರ ಹಾಕಲಿಲ್ಲ. ಮರುವರ್ಷ ಜನವರಿಯಲ್ಲಿ ರಾಜ ಜೇಮ್ಸ್ ಎದುರಿಗೇ ಹೇಳಿದಳು: ಬದುಕಿರುವವರೆಗೂ ತವರಿನ ಜಮೀನಿರುವ ವೆಸ್ಟ್‌ಮೋರ್ಲೆಂಡ್ ಬಿಡುವುದಿಲ್ಲ. ರಾಜ ತೀರ್ಪನ್ನು ಚಿಕ್ಕಪ್ಪನ ಕಡೆಗೇ ಕೊಟ್ಟ. ಗಂಡನಿಗೆ ಹಣ ಸಿಕ್ಕಿತು.

ದಿನಚರಿಯಲ್ಲಿ 1617ರ ಮೇ ತಿಂಗಳ ಒಂದು ಪುಟವನ್ನು ಮತ್ತೆ ಮತ್ತೆ ಓದಿದ್ದೇನೆ. ಆಗ ಮಗು ಮತ್ತೆ ಅವಳ ಜೊತೆಗಿತ್ತು. ನಡೆಯಲು ಕಲಿಸುವಾಗ ಹಿಡಿದುಕೊಳ್ಳಲೆಂದು ಮಕ್ಕಳ ಅಂಗಿಗೆ ಪಟ್ಟಿ ಹೊಲಿದಿರುತ್ತಿದ್ದರು. ಅವನ್ನು ಕತ್ತರಿಸಿ, ಮಗಳನ್ನು ಒಬ್ಬಳೇ ನಡೆಯಲು ಬಿಟ್ಟಳಂತೆ. ಎರಡು ಮೂರು ಸಲ ಬಿದ್ದಳು, ಪೆಟ್ಟೇನೂ ಆಗಲಿಲ್ಲ ಎಂದು ಬರೆದಿದ್ದಾಳೆ. ತಾಯ್ತನವನ್ನೇ ಅವಳ ಮೇಲೆ ಒತ್ತಡ ಹಾಕಲು ಬಳಸಿದ್ದರು, ಅಲ್ವಾ? ಕಾನೂನಿಗಿಂತ ಇದೇ ಕ್ರೂರ ಅನಿಸುತ್ತದೆ ನನಗೆ.

ಕೊನೆಗೆ 1643ರಲ್ಲಿ ಚಿಕ್ಕಪ್ಪನ ಮಗ ಗಂಡು ಸಂತಾನವಿಲ್ಲದೆ ಸತ್ತಾಗ ಜಮೀನು ಕೈಸೇರಿತು. 1649ರಲ್ಲಿ, 60ರ ಹತ್ತಿರ, ಅಲ್ಲಿಗೆ ಹೋದಳು. ಪಾಳುಬಿದ್ದ ಕೋಟೆಗಳನ್ನು ರಿಪೇರಿ ಮಾಡಿಸಿದಳು. ವೆಸ್ಟ್‌ಮೋರ್ಲೆಂಡಿನ ಶೆರೀಫ್ (ರಾಜನ ಪರ ಆಡಳಿತ ನೋಡುವ ಅಧಿಕಾರಿ) ಪದವಿಯೂ ವಂಶದ ಹಕ್ಕಾಗಿ ಅವಳದಾಯಿತು. ಆಪಲ್‌ಬಿಯಲ್ಲಿ ಬಡ ವಿಧವೆಯರಿಗೆ ಮನೆಗಳನ್ನು ಕಟ್ಟಿಸಿದಳು. ಗೇಣಿ ವಿಷಯದಲ್ಲಿ ತನ್ನ ಒಕ್ಕಲುಗಳನ್ನೂ ಕೋರ್ಟಿಗೆ ಎಳೆದಳು. ಅದು ನನಗೆ ಹಿಡಿಸುವುದಿಲ್ಲ. ಆದರೂ ಆ ಸಹಿ ಹಾಕದಿದ್ದಕ್ಕೆ ಅವಳ ಮೇಲೆ ನನಗಿರುವ ಗೌರವ ಒಂದಿಷ್ಟೂ ಕಡಿಮೆಯಾಗಿಲ್ಲ.