ಮೀಟರ್ ಮಿಣುಕಿದ್ದು ನಿಜ, ಆಮೇಲೆ?

ದೆವ್ವ ಹಿಡಿಯುವವರ ವಿಡಿಯೊಗಳ ಬಗ್ಗೆ ಏನೇ ಬರೆದರೂ ಒಂದು ಪ್ರಶ್ನೆ ಹಿಂದೆಯೇ ಬರುತ್ತದೆ: "ನಂಬಿಕೆಯೇ ಇಲ್ಲದ ಟಿವಿಯವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಅವರ ಕಣ್ಣೆದುರೇ ದೆವ್ವ ಪತ್ತೆಯ ಮೀಟರಿನ ದೀಪ ಕೆಂಪಾಯಿತಲ್ಲ, ಅದಕ್ಕೇನಂತೀರಿ?"

ಕೆಂಪಾಗಿದ್ದು ನಿಜವೇ ಇರಬಹುದು ಅಂತೀನಿ. ಮೋಸ ನಡೆದಿದೆ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ. ಎಷ್ಟೋ ಸಲ ಮೀಟರ್ ಕೆಂಪಾಗುವುದಕ್ಕೆ ಟಿವಿಯವರು ಬಂದದ್ದೇ ಕಾರಣವಾಗಿರುತ್ತದೆ.

ಈ ದೃಶ್ಯದ ಅಚ್ಚು ಸಿಗುವುದು ಕಾರ್ಟೂನುಗಳಲ್ಲಿ. 1986ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟಿವಿಗೆ ಒಂದೇ ತಿಂಗಳಲ್ಲಿ ದೆವ್ವ ಹಿಡಿಯುವ ತಂಡಗಳ ಕಥೆಯ ಎರಡು 'ಘೋಸ್ಟ್‌ಬಸ್ಟರ್ಸ್' ಕಾರ್ಟೂನುಗಳು ಬಂದವು. ಫಿಲ್ಮೇಷನ್ ಕಂಪನಿಯ ಕೈಯಲ್ಲಿ 1975ರ ಹಳೆಯ ಧಾರಾವಾಹಿಯೊಂದರಿಂದ ಆ ಹೆಸರು ಮೊದಲೇ ಇತ್ತು. ಹಾಗಾಗಿ ಇನ್ನೊಂದು ತಂಡ ತನ್ನದಕ್ಕೆ 'ದಿ ರಿಯಲ್' ಎಂದು ಸೇರಿಸಿಕೊಂಡಿತು. ಫಿಲ್ಮೇಷನ್‌ನವರ ಸರಣಿಯಲ್ಲಿ ಒಬ್ಬ ಟಿವಿ ವರದಿಗಾರ್ತಿ ಖಾಯಂ ಪಾತ್ರ. 'ರಿಯಲ್' ಸರಣಿಯಲ್ಲಿ ತಂಡದ ಈಗನ್ ಕೈಯ, ಭೂತದ ಸುಳಿವು ಕೊಡುವ ಪಿಕೆಇ ಮೀಟರಿನ ಎರಡು ರೆಕ್ಕೆಗಳು ಮೇಲೇಳುತ್ತವೆ, ದೀಪಗಳು ಓಡುತ್ತವೆ, ಮರುಕ್ಷಣ ಗೋಡೆಯಿಂದ ಭೂತ ಹೊರಬರುತ್ತದೆ. ನಂಬದ ವರದಿಗಾರರು ಇಂಥ ಕಥೆಯಲ್ಲಿ ಸಿಕ್ಕಿಬಿದ್ದರೆ ಇಪ್ಪತ್ತೆರಡು ನಿಮಿಷದೊಳಗೆ ನಂಬಲೇಬೇಕು. 1969ರಲ್ಲಿ ಶುರುವಾದ ಸ್ಕೂಬಿ-ಡೂ ಇದಕ್ಕೆ ತಿರುಗುಮುರುಗು: ಮುಖವಾಡ ಕಿತ್ತರೆ ಒಳಗೊಬ್ಬ ಮನುಷ್ಯ.

ಆದರೆ ಕಾರ್ಟೂನಿನ ಮೀಟರಿಗೆ ಒಂದು ಅನುಕೂಲವಿದೆ. ಮೀಟರ್ ಮಿಣುಕಿದಾಗ ಭೂತವೂ ಪರದೆಯ ಮೇಲೆ ಇರುತ್ತದೆ, ಭೂತ ಇಲ್ಲದಾಗ ಮೀಟರ್ ಸುಮ್ಮನಿರುತ್ತದೆ. ಎರಡನ್ನೂ ತಾಳೆ ಹಾಕಬಹುದು. ಅಂಗಡಿಯಲ್ಲಿ ಸಿಗುವ ಮೀಟರನ್ನು ಯಾವ ಭೂತದ ಎದುರಿಗೂ ಹಿಡಿದು ಪರೀಕ್ಷಿಸಿಲ್ಲ. ಆದ್ದರಿಂದ ವರದಿಗಾರರು "ದೆವ್ವ ಎಲ್ಲಿ, ತೋರಿಸಿ" ಎನ್ನುವುದು ತಪ್ಪು ಪ್ರಶ್ನೆ. "ದೆವ್ವ ಇಲ್ಲ ಎಂದು ನೀವೇ ಒಪ್ಪುವ ಜಾಗದಲ್ಲಿ ಈ ಮೀಟರ್ ಏನು ಮಾಡುತ್ತದೆ, ತೋರಿಸಿ" ಎನ್ನಬೇಕು.

ಹೆಚ್ಚು ಬಳಕೆಯಲ್ಲಿರುವುದು ಕೆ-2 ಎಂಬ ಐದು ದೀಪಗಳ, 9 ವೋಲ್ಟ್ ಬ್ಯಾಟರಿಯ ಡಬ್ಬಿ. ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಅದು ಮಿಲಿಗಾಸ್ ಲೆಕ್ಕದಲ್ಲಿ ಅಳೆಯುತ್ತದೆ. ಮೊದಲ ದೀಪದ ನಂತರದವು ಹತ್ತುವ ಮಟ್ಟಗಳು 1.5, 2.5, 10 ಮತ್ತು 20. ಇಪ್ಪತ್ತು ದಾಟಿದರೆ ಕೆಂಪು. ಒಂದೇ ದಿಕ್ಕಿನ ಕ್ಷೇತ್ರವನ್ನು ಹಿಡಿಯುವುದರಿಂದ ಮಣಿಕಟ್ಟು ತಿರುಗಿಸಿದರೂ ಓದು ಬದಲಾಗುತ್ತದೆ. ಕೈಯಲ್ಲಿ ಹಿಡಿದು ಓಡಾಡುತ್ತಾ ಕೊಡುವ ಯಾವ ಓದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮೀಟರ್ ಮೇಜಿನ ಮೇಲೆ, ಟೇಪ್ ಹಚ್ಚಿ, ಅಲುಗದಂತೆ ಇರಬೇಕು.

ಇನ್ನು ವೈರಿಂಗ್. ಒಂದೇ ತಂತಿಯಲ್ಲಿ 1 ಆಂಪಿಯರ್ ಹರಿದರೆ ಒಂದು ಮೀಟರ್ ದೂರದಲ್ಲಿ 2 ಮಿಲಿಗಾಸ್ ಕ್ಷೇತ್ರವಿರುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಅಕ್ಕಪಕ್ಕದಲ್ಲೇ ಹೋದರೆ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸಿಹಾಕುತ್ತದೆ. ಹಳೆಯ ಮನೆಗಳಲ್ಲಿ, ಅದರಲ್ಲೂ ಮೆಟ್ಟಿಲಿನ ಟೂ-ವೇ ಸ್ವಿಚ್ಚಿಗೆ ಯಾರೋ ತೋಚಿದಂತೆ ತಂತಿ ಎಳೆದಿದ್ದರೆ, ಫೇಸ್ ಒಂದು ಗೋಡೆಯಲ್ಲಿ ಬಂದು ನ್ಯೂಟ್ರಲ್ ಇನ್ನೊಂದು ಗೋಡೆಯಲ್ಲಿ ಹೋಗುತ್ತದೆ. ಆಗ 5 ಆಂಪಿಯರ್ ಹರಿಯುವ ತಂತಿಯಿಂದ ಅರ್ಧ ಮೀಟರ್ ದೂರ ನಿಂತರೆ 20 ಮಿಲಿಗಾಸ್, ಅಂದರೆ ಮೀಟರ್ ಕೆಂಪಿನ ಹೊಸ್ತಿಲಲ್ಲಿರುತ್ತದೆ. ಪಾಳುಬಿದ್ದ ಬಂಗಲೆಯ ಮೆಟ್ಟಿಲಲ್ಲೇ ಯಾಕೆ ದೆವ್ವಗಳು ಜಾಸ್ತಿ ಎಂದು ಕೇಳುವವರಿಗೆ ಇದು ಅರ್ಧ ಉತ್ತರ.

"ಮೇನ್ ಆಫ್ ಮಾಡಿಯೇ ಶೂಟ್ ಮಾಡಿದ್ದೇವೆ" ಎನ್ನುತ್ತಾರೆ. ನಮ್ಮ ಕಡೆ ಇದರಲ್ಲೊಂದು ತಮಾಷೆಯಿದೆ. ಮೇನ್ ಆಫ್ ಮಾಡಿದ ಕೂಡಲೇ ಯುಪಿಎಸ್ ಎಚ್ಚರವಾಗುತ್ತದೆ, ಅದರ ಟ್ರಾನ್ಸ್‌ಫಾರ್ಮರಿನಿಂದ ಕ್ಷೇತ್ರ ಹೊಮ್ಮುತ್ತದೆ. ಕತ್ತಲಾದ ಮರುಕ್ಷಣ ಮೀಟರ್ ಕೆಂಪಾದದ್ದಕ್ಕೆ ಬೇರೆ ವಿವರಣೆ ಬೇಕಿಲ್ಲ. ಯುಪಿಎಸ್ ಬ್ಯಾಟರಿಯ ತಂತಿಯನ್ನೂ ಕಳಚಬೇಕು. ಅಷ್ಟಾದರೂ ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆ, ಬೀದಿಯ ಲೈನು, ತಾನಾಗಿ ಚಾಲೂ ಆಗುವ ಸಂಪಿನ ಮೋಟರು ಉಳಿದೇ ಇರುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಫೋನು. 2ಜಿ ಫೋನು ಮಾತಾಡುವಾಗ ಸೆಕೆಂಡಿಗೆ ಸುಮಾರು 217 ಸಲ ಸಿಡಿದು ಸಿಡಿದು ಪ್ರಸಾರ ಮಾಡುತ್ತದೆ. 900 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಸಿಡಿತ 2 ವ್ಯಾಟ್ ತನಕ ಇರಬಹುದು. ಸ್ಪೀಕರ್ ಪಕ್ಕ ಇಟ್ಟರೆ ಕೇಳುತ್ತಿದ್ದ ಟರ್-ಟರ್ ಸದ್ದು ಇದರದ್ದೇ. ರಿಂಗಾಗದಿದ್ದರೂ ಫೋನು ಆಗಾಗ ಟವರಿಗೆ ಹಾಜರಿ ಹಾಕುತ್ತದೆ. ಟಿವಿ ತಂಡದ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಫೋನು, ದೆವ್ವದ ಬೇಟೆಗಾರನ ಸೊಂಟದಲ್ಲಿ ಕಾಲರ್ ಮೈಕಿನ ಟ್ರಾನ್ಸ್‌ಮಿಟರು, ಸಹಾಯಕನ ಕೈಯಲ್ಲಿ ವಾಕಿ-ಟಾಕಿ. ಇಷ್ಟು ಪ್ರಸಾರ ಕೇಂದ್ರಗಳನ್ನು ಒಂದು ಕೋಣೆಗೆ ತುಂಬಿ, ದೀಪ ಆರಿಸಿ, "ನೀನು ಇಲ್ಲಿದ್ದರೆ ಮಿಣುಕಿಸು" ಅಂದರೆ ಮಿಣುಕದೆ ಏನು ಮಾಡೀತು? ಶೂಟಿಂಗಿಗೆ ಮೊದಲು ಮೀಟರನ್ನು ಒಂದು ಅಡಿ ದೂರದಲ್ಲಿಟ್ಟು ಪ್ರತಿಯೊಬ್ಬರ ಫೋನಿಗೂ ಕರೆ ಮಾಡಿ, ವಾಕಿ-ಟಾಕಿ ಒತ್ತಿ, ಯಾವುದಕ್ಕೆ ಎಷ್ಟು ದೀಪ ಹತ್ತುತ್ತದೆ ಎಂದು ಚಿತ್ರೀಕರಿಸಿಕೊಳ್ಳಿ. ಎರಡು ನಿಮಿಷದ ಕೆಲಸ. ಆಮೇಲೆ ಫೋನುಗಳೆಲ್ಲ ಫ್ಲೈಟ್ ಮೋಡಿಗೆ ಹೋಗಲಿ, ವೈರ್ ಇರುವ ಮೈಕ್ ಬರಲಿ.

ಮೊಬೈಲಿನ 'ದೆವ್ವ ಪತ್ತೆ' ಆ್ಯಪ್‌ಗಳ ಬಗ್ಗೆ ಒಂದೇ ಮಾತು: ಅಳೆಯುವಂಥವು ಫೋನಿನ ದಿಕ್ಸೂಚಿ ಸಂವೇದಕವನ್ನು ಓದುತ್ತವೆ, ಕಬ್ಬಿಣದ ಬೀರುವಿನ ಹತ್ತಿರ ಹೋದರೆ ಕುಣಿಯುತ್ತವೆ. ಇನ್ನುಳಿದವು ಏನನ್ನೂ ಓದುವುದಿಲ್ಲ.

ದೆವ್ವಕ್ಕೆ ಪ್ರಶ್ನೆ ಕೇಳಿ ಮಿಣುಕನ್ನೇ ಉತ್ತರ ಎನ್ನುವ ಪ್ರಶ್ನೋತ್ತರಕ್ಕೆ ಒಂದು ಪರೀಕ್ಷೆ. ತಲಾ 30 ಸೆಕೆಂಡಿನ 40 ಸರದಿ, ಒಟ್ಟು 20 ನಿಮಿಷ. ಪ್ರತಿ ಸರದಿಗೂ ನಾಣ್ಯ ಚಿಮ್ಮಿ: ರಾಜ ಬಿದ್ದರೆ ಪ್ರಶ್ನೆ ಕೇಳಬೇಕು, ರಾಣಿ ಬಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಮಿಣುಕುಗಳನ್ನು ಎಣಿಸುವವರು ಬೇರೆ ಕೋಣೆಯಲ್ಲಿ, ಸದ್ದು ತೆಗೆದ ವಿಡಿಯೊ ನೋಡುತ್ತಾ ಬರೆದುಕೊಳ್ಳಲಿ. ಮೀಟರಿನ ಚಿತ್ರ ಬಿಟ್ಟು ಬೇರೇನೂ ಅವರಿಗೆ ಕಾಣಬಾರದು. ಕೊನೆಗೆ ಎರಡೂ ಪಟ್ಟಿ ಜೋಡಿಸಿ. ಪ್ರಶ್ನೆಯಿದ್ದ ಸರದಿಗಳಲ್ಲೂ ಮೌನದ ಸರದಿಗಳಲ್ಲೂ ಮಿಣುಕು ಹೆಚ್ಚುಕಡಿಮೆ ಒಂದೇ ಬಂದರೆ ಅಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ. ಸಾಮಾನ್ಯ ವಿಡಿಯೊಗಳಲ್ಲಿ ಪ್ರಶ್ನೆಯ ನಂತರದ ಮಿಣುಕುಗಳು ಮಾತ್ರ ಉಳಿಯುತ್ತವೆ, ಮಿಕ್ಕವು ಎಡಿಟಿಂಗ್ ಕೋಣೆಯಲ್ಲೇ ಸಾಯುತ್ತವೆ.

ಸ್ಪಿರಿಟ್ ಬಾಕ್ಸ್ ನೋಡಿದವರು ನಿಜಕ್ಕೂ ಬೆಚ್ಚುತ್ತಾರೆ, ಯಾಕೆಂದರೆ ಅದು ಮಾತಾಡುತ್ತದೆ. ಅದೊಂದು ನಿಲ್ಲದೆ ಸ್ಟೇಷನ್ ತಿರುಗಿಸುವ ರೇಡಿಯೊ, ಅಷ್ಟೆ. ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್. 0.1ರ ಹೆಜ್ಜೆಯಲ್ಲಿ ಹೋದರೆ ಸುಮಾರು 200 ನಿಲುಗಡೆ. ಒಂದೊಂದರಲ್ಲೂ ಸೆಕೆಂಡಿನ ಹತ್ತನೇ ಒಂದು ಭಾಗ ನಿಂತರೆ ಪೂರ್ತಿ ಒಂದು ಸುತ್ತಿಗೆ 20 ಸೆಕೆಂಡು. ಬಲವಾದ ಸ್ಟೇಷನ್ ಅಕ್ಕಪಕ್ಕದ ಹೆಜ್ಜೆಗಳಿಗೂ ಚಾಚಿಕೊಳ್ಳುವುದರಿಂದ ಸುಮಾರು ಮೂರು ಹೆಜ್ಜೆ, ಅಂದರೆ 0.3 ಸೆಕೆಂಡಿನ ಮಾತು ಒಟ್ಟಿಗೆ ಸಿಗುತ್ತದೆ. ಅಷ್ಟರಲ್ಲಿ ಒಂದೆರಡು ಅಕ್ಷರ ಹಿಡಿಸುತ್ತವೆ. "ಬಾ", "ಹೋಗು", "ಯಾರು", "ಇಲ್ಲ", "ಬಿಡು": ನಮ್ಮ ಬೆದರಿಕೆ, ಬೇಡಿಕೆಗಳೆಲ್ಲ ಒಂದೆರಡು ಅಕ್ಷರದವು. ಬೆಂಗಳೂರಿನಲ್ಲಿ 91.1, 92.7, 101.3, 102.9 ಎಂದು ಸಾಲಾಗಿ ಕನ್ನಡ ಮಾತಾಡುವ ಸ್ಟೇಷನ್ನುಗಳಿರುವಾಗ ಅಲ್ಲಿನ ದೆವ್ವ ಕನ್ನಡದಲ್ಲಿ ಬೈಯುವುದರಲ್ಲಿ ಆಶ್ಚರ್ಯವಿಲ್ಲ.

ಪರೀಕ್ಷೆಗೆ ಬಿಗಿ ಮುಚ್ಚಳದ ದೊಡ್ಡ ಸ್ಟೀಲ್ ಡಬ್ಬಿ ಸಾಕು. ಆಂಟೆನಾ ಮಡಚಿ ಬಾಕ್ಸನ್ನೂ ಒಂದು ರೆಕಾರ್ಡರನ್ನೂ ಒಳಗಿಟ್ಟು ಮುಚ್ಚಿ. ಇಲ್ಲಿ ಹಲವರು ಎಡವುವುದು ಇಯರ್‌ಫೋನ್ ವೈರನ್ನು ಹೊರಗೆ ಬಿಟ್ಟಾಗ: ಆ ವೈರೇ ಆಂಟೆನಾ ಆಗಿ ಸ್ಟೇಷನ್ ಒಳಗೆ ಬರುತ್ತದೆ. ಮುಚ್ಚಳದ ಸಂದಿಗೂ ಅಲ್ಯುಮಿನಿಯಂ ಫಾಯಿಲ್ ಸುತ್ತಿ. ಗೋಡೆ ದಾಟಿ ಬರುವ ಪ್ರೇತ ಡಬ್ಬಿಯನ್ನೂ ದಾಟಬೇಕಲ್ಲ. ರೇಡಿಯೊ ಅಲೆ ದಾಟಲಾರದು. ರೆಕಾರ್ಡಿಂಗಿನಲ್ಲಿ ಬರೀ ಭುಸುಗುಟ್ಟುವ ಸದ್ದು ಉಳಿದರೆ ಉತ್ತರ ಸಿಕ್ಕಿತು.

ರೆಕಾರ್ಡರಿನಲ್ಲಿ 'ಆಮೇಲೆ ಸಿಕ್ಕ ದನಿ'ಯ ಚರಿತ್ರೆ 1959ರಷ್ಟು ಹಳೆಯದು. ಸ್ವೀಡನ್ನಿನ ಫ್ರೀಡ್ರಿಷ್ ಯುರ್ಗೆನ್‌ಸನ್ ಹಕ್ಕಿಗಳ ಹಾಡು ಮುದ್ರಿಸಲು ಹೋಗಿ ಸತ್ತವರ ದನಿ ಕೇಳಿಸಿತು ಎಂದರು. ಇಂದಿನ ರೆಕಾರ್ಡರುಗಳಲ್ಲಿ ಮೌನವಿದ್ದಾಗ ಸದ್ದನ್ನು ತಾನಾಗಿ ಏರಿಸುವ ಏರ್ಪಾಟಿದೆ. ಆಗ ಬಟ್ಟೆಯ ಸರಸರ, ದೂರದ ಬೈಕು, ಯಾರದೋ ಹೊಟ್ಟೆಯ ಗುಡುಗುಡು ಎಲ್ಲವೂ ಪಿಸುಮಾತಾಗುತ್ತವೆ. ಆ ಏರ್ಪಾಟನ್ನು ಆಫ್ ಮಾಡಿ. ಎರಡು ರೆಕಾರ್ಡರುಗಳನ್ನು ಕೋಣೆಯ ಎರಡು ಮೂಲೆಗಿಟ್ಟು ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಎರಡನ್ನೂ ಸಮಕ್ಕೆ ಕೂರಿಸಲು ಅದೇ ಗುರುತು. ಒಂದರಲ್ಲಿ ಮಾತ್ರ ಇರುವ ದನಿ ಅದರ ಮಗ್ಗುಲಲ್ಲೇ ಹುಟ್ಟಿದ ಸದ್ದು. ಕೊನೆಯದಾಗಿ, ಪರದೆಯ ಮೇಲೆ "ನನ್ನನ್ನು ಬಿಡಬೇಡಿ" ಎಂದು ಅಕ್ಷರ ಹಾಕಿ ಕೇಳಿಸಿದರೆ ಎಲ್ಲರಿಗೂ ಅದೇ ಕೇಳಿಸುತ್ತದೆ. ಅಕ್ಷರವಿಲ್ಲದೆ ಐದು ಜನರಿಗೆ ಬೇರೆ ಬೇರೆಯಾಗಿ ಕೇಳಿಸಿ ಬರೆಸಿ. ಐದು ಥರದ ವಾಕ್ಯ ಬಂದರೆ ಆ ತುಣುಕನ್ನು ಪ್ರಸಾರ ಮಾಡಬೇಡಿ.

ಉಳಿದ ಸಾಮಾನುಗಳದ್ದು ಬೇಗ ಮುಗಿಯುತ್ತದೆ. ಫೋಟೋದಲ್ಲಿ ತೇಲುವ ಬೆಳಕಿನ ಗುಂಡುಗಳು ಲೆನ್ಸಿನ ಹತ್ತಿರವೇ ಹಾರುವ ಧೂಳು, ಫ್ಲ್ಯಾಶ್ ಬಿದ್ದು ಫೋಕಸ್ ತಪ್ಪಿದ್ದು. ಚಾಪೆ ಕೊಡವಿದರೆ ನೂರು ದೆವ್ವ ಬರುತ್ತವೆ, ಫ್ಲ್ಯಾಶ್ ಬಿಟ್ಟು ಪಕ್ಕದಿಂದ ಟಾರ್ಚ್ ಹಾಕಿದರೆ ಆ ಗುಂಡುಗಳು ಮಾಯ. 'ಇಲ್ಲಿ ಗಾಳಿ ತಣ್ಣಗಿದೆ' ಎಂದು ಪಿಸ್ತೂಲಿನಂಥ ಥರ್ಮಾಮೀಟರ್ ತೋರಿಸಿದರೆ ನಗಬಹುದು: ಅದು ಗಾಳಿಯನ್ನು ಅಳೆಯುವುದೇ ಇಲ್ಲ, ಎದುರಿನ ಗೋಡೆಯ ಮೈಯನ್ನು ಅಳೆಯುತ್ತದೆ. 12:1 ಎಂದು ಬರೆದ ಉಪಕರಣ 12 ಅಡಿ ದೂರದಿಂದ ಒಂದು ಅಡಿ ಅಗಲದ ಜಾಗದ ಸರಾಸರಿ ಕೊಡುತ್ತದೆ. ಕಿಟಕಿಯ ಗಾಜು, ಹಿತ್ತಾಳೆ ಪಾತ್ರೆ ಅಡ್ಡ ಬಂದರೆ ಆ ಸರಾಸರಿಯೂ ಸುಳ್ಳು. ಕಡ್ಡಿಮನುಷ್ಯರನ್ನು ತೋರಿಸುವ ಕ್ಯಾಮೆರಾ ಅಂದರೆ ಮೈಕ್ರೋಸಾಫ್ಟ್ 2010ರಲ್ಲಿ ಆಟಕ್ಕೆಂದು ತಂದ ಕಿನೆಕ್ಟ್. ಎದುರಿಗೆ ಆಟಗಾರ ಇದ್ದೇ ಇರುತ್ತಾನೆ ಎಂಬ ಅಂದಾಜಿನ ಮೇಲೆ ಕಟ್ಟಿದ ಸಾಧನ ಕುರ್ಚಿಗೂ ಪರದೆಗೂ ಕೈಕಾಲು ಬರೆಯುತ್ತದೆ. ಕುರ್ಚಿ ಎತ್ತಿಟ್ಟು ನೋಡಿ.

ಇನ್‌ಫ್ರಾಸೌಂಡ್, ಅಂದರೆ ಕಿವಿಗೆ ಕೇಳದಷ್ಟು ಕೆಳದನಿಯ ಕಂಪನದ ವಿಷಯದಲ್ಲಿ ನಂಬದವರೂ ಹುಷಾರಾಗಿರಬೇಕು. 1998ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ವಿಕ್ ಟ್ಯಾಂಡಿ ಪ್ರಯೋಗಾಲಯವೊಂದರ ದೆವ್ವವನ್ನು ಹೊಸ ಫ್ಯಾನಿನ ಸುಮಾರು 19 ಹರ್ಟ್ಸ್ ಕಂಪನಕ್ಕೆ ಕಟ್ಟಿದರು. 9 ಮೀಟರ್ ಉದ್ದದ ಕೋಣೆಯಲ್ಲಿ ಅರ್ಧ ಅಲೆ ನಿಲ್ಲುವುದು ಆ ಕಂಪನಕ್ಕೇ ಎಂಬ ಲೆಕ್ಕವೂ ಕೂಡುತ್ತದೆ. ಅಂದಿನಿಂದ ಏನು ಕಂಡರೂ "19 ಹರ್ಟ್ಸ್" ಅನ್ನುವುದು ಒಂದು ಚಟವಾಗಿದೆ. ಆದರೆ ಲಂಡನ್ನಿನಲ್ಲಿ ಖಾಲಿ ಕೋಣೆ ಕಟ್ಟಿ 79 ಜನರನ್ನು ಇನ್‌ಫ್ರಾಸೌಂಡಿಗೂ ಕಾಂತಕ್ಷೇತ್ರಕ್ಕೂ ಒಡ್ಡಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಅನೇಕರಿಗೆ ವಿಚಿತ್ರ ಅನುಭವಗಳಾದವು, ಆದರೆ ಕ್ಷೇತ್ರ ಹಾಕಿದ್ದಕ್ಕೂ ಹಾಕದ್ದಕ್ಕೂ ಅವು ತಾಳೆಯಾಗಲಿಲ್ಲ. ಇಲ್ಲೇನೋ ಆಗಬಹುದು ಎಂದು ಮೊದಲೇ ಹೇಳಿದ್ದೇ ಸಾಕಾಗಿತ್ತು ಎಂಬುದು ಸಂಶೋಧಕರ ಊಹೆ.

ಈ ಎಲ್ಲ ಷರತ್ತುಗಳು ಮೊದಲೇ ಕಾಗದದ ಮೇಲೆ ಬರಬೇಕು, ಎರಡೂ ಕಡೆಯವರು ಸಹಿ ಹಾಕಬೇಕು. ಅತೀಂದ್ರಿಯ ಶಕ್ತಿ ತೋರಿಸಿದವರಿಗೆಂದು ಜಾದೂಗಾರ ಜೇಮ್ಸ್ ರಾಂಡಿಯವರು ಒಡ್ಡಿದ್ದ ಹತ್ತು ಲಕ್ಷ ಡಾಲರ್ ಸವಾಲು ನಡೆದದ್ದು ಹೀಗೆ, ಗೆದ್ದವರಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಪರಿಶೀಲನಾ ಸಮಿತಿ ಕಟ್ಟಿದಾಗಲೂ ಕೇಳಿದ್ದು ನಿಯಂತ್ರಿತ ಪರಿಸ್ಥಿತಿಯಲ್ಲಿ ತೋರಿಸಿ ಎಂದೇ. ಷರತ್ತು ಒಪ್ಪಿದ ಮೇಲೂ ಏನಾದರೂ ಉಳಿದರೆ "ಕಾರಣ ಗೊತ್ತಾಗಲಿಲ್ಲ" ಎಂದು ಸಮಯ, ಜಾಗದ ಸಮೇತ ಬರೆಯಿರಿ. ಅದನ್ನು ದೆವ್ವ ಅನ್ನಬೇಡಿ, ಭ್ರಮೆ ಅಂತಲೂ ಅನ್ನಬೇಡಿ.

ಒಂದು ತಪಾಸಣೆಯನ್ನು ಮಾತ್ರ ಶೂಟಿಂಗಿನ ರಾತ್ರಿಯವರೆಗೆ ಮುಂದೂಡಬೇಡಿ. ಮನೆಯಲ್ಲಿ ಜನ ವಾಸವಿದ್ದು, ಹೆಜ್ಜೆ ಸದ್ದಿನ ಜೊತೆಗೆ ತಲೆನೋವು, ವಾಕರಿಕೆ, ಸುಸ್ತು ಹೇಳುತ್ತಿದ್ದರೆ, ಹೊರಗೆ ಹೋದಾಗ ಹಗುರಾಗುತ್ತಿದ್ದರೆ, ಮೊದಲು ಕಾರ್ಬನ್ ಮೊನಾಕ್ಸೈಡ್, ಅಂದರೆ ಇಂಧನ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲ, ಇದೆಯೇ ನೋಡಿ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ದಾಖಲಿಸಿದ 'ದೆವ್ವದ ಮನೆ'ಯಲ್ಲಿ ಹೆಜ್ಜೆ ಸಪ್ಪಳ, ಆಕೃತಿಗಳು ಎಲ್ಲ ಇದ್ದವು. ತಪ್ಪು ಮಾತ್ರ ಮನೆ ಬಿಸಿ ಮಾಡುವ ಕೆಟ್ಟುಹೋದ ಕುಲುಮೆಯದು. ನಮ್ಮಲ್ಲಿ ಆ ಜಾಗದಲ್ಲಿ ಬಚ್ಚಲಿನ ಗ್ಯಾಸ್ ಗೀಸರು, ಮುಚ್ಚಿದ ಕೋಣೆಯ ಇದ್ದಿಲ ಒಲೆ, ಒಳಗಿಟ್ಟ ಜನರೇಟರು. ಮನೆಬಳಕೆಯ ಅಲಾರಂ ಹಿಡಿದು ಹತ್ತು ನಿಮಿಷ ಸುತ್ತಾಡಿದರೆ ಸಾಲದು: ಅಮೆರಿಕದ ಮಾನದಂಡದ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ದಾಗ ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಅಂಕಿ ತೋರಿಸುವ ಮೀಟರ್ ತನ್ನಿ. ಗೀಸರ್ ಉರಿಯುತ್ತಿರುವಾಗಲೇ ಅಳೆಯಿರಿ. ಅಂಕಿ ಏರಿದರೆ ಗ್ಯಾಸ್ ಬಂದ್ ಮಾಡಿ, ಮನೆಯವರನ್ನು ಹೊರಗೆ ಕರೆತಂದು ಆಸ್ಪತ್ರೆಗೆ ಕಳಿಸಿ. ಕ್ಯಾಮೆರಾ ಕಾರಿನಲ್ಲೇ ಇರಲಿ.