ಇವತ್ತು ಯಾವ ತಟ್ಟೆ?

ಬುಧವಾರ, 16 ಜುಲೈ 2025
ತೀರ್ಥಹಳ್ಳಿ

ಮಳೆ ಜೋರಿದ್ದರೂ ಇವತ್ತು ಶಾಲೆಗೆ ರಜೆ ಕೊಡಲಿಲ್ಲ. ಮಕ್ಕಳಿಬ್ಬರೂ ತೊಯ್ದುಕೊಂಡೇ ಬಂದರು. ಯೂನಿಫಾರ್ಮನ್ನು ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಹಾಕಿ, ಹಲಸಿನ ಹಪ್ಪಳ ಸುಟ್ಟು ಕಾಯಿಚೂರಿನ ಜೊತೆ ಕೊಟ್ಟೆ.

"ಎಂತ ಆಯ್ತು ಇವತ್ತು ಶಾಲೆಲಿ?" ಅತ್ತೆ ಕೇಳಿದರು. "ಎಂತ ಇಲ್ಲ" ಅಂದರು ಇಬ್ಬರೂ. ಇಡೀ ದಿನವನ್ನು ಒಂದೇ ಸಲಕ್ಕೆ ಹೇಳು ಅಂದರೆ ಮಕ್ಕಳು ಎಲ್ಲಿಂದ ಶುರು ಮಾಡಬೇಕು?

ಎರಡನೇ ಕ್ಲಾಸಿನ ಸಣ್ಣವಳನ್ನು ನಾನು ಕೇಳುವುದು, "ಇವತ್ತು ಯಾವ ತಟ್ಟೆ?" ಅವಳದ್ದು ನಲಿ-ಕಲಿ ಕೋಣೆ. ಒಂದರಿಂದ ಮೂರನೇ ಕ್ಲಾಸಿನವರೆಲ್ಲ ಒಟ್ಟಿಗೆ. ಆಂಧ್ರದ ಋಷಿವ್ಯಾಲಿ ಶಾಲೆಯ ಕಲಿಕೆಯನ್ನು ನೋಡಿ ಬಂದ ಮೇಷ್ಟ್ರುಗಳು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರು ಮಾಡಿದ್ದು, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಲ್ಲಿ ಬೆಂಚಿನ ಸಾಲಿಲ್ಲ, ಐದು ತಟ್ಟೆಗಳು, ಅಂದರೆ ಮಕ್ಕಳು ಗುಂಪಾಗಿ ಕೂತು ಕಲಿಯುವ ಐದು ಜಾಗ. ಒಂದನೇ ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿದ್ದು ಕಲಿಸುತ್ತಾರೆ, ಮೂರು-ನಾಲ್ಕರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ, ಐದರಲ್ಲಿ ತಾನೇ ಕಲಿಯುವುದು. ಮಗು ದಿನದಲ್ಲಿ ಎಲ್ಲಿ ಕೂತಿತ್ತು ಎಂದು ಗೊತ್ತಾದರೆ ಯಾರ ಜೊತೆ ಕೂತಿತ್ತು, ಏನು ಮಾಡಿತು ಅನ್ನುವುದೂ ತಾನಾಗಿ ಬರುತ್ತದೆ.

"ಮೂರನೇ ತಟ್ಟೆಲಿ ನಾನೇ ಹೇಳಿಕೊಟ್ಟೆ!" ಅಂದಳು. ಒಂದನೇ ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಇದ್ದಾನಂತೆ. ಮನೆಯಲ್ಲಿ ಬೇರೆ ಭಾಷೆ, ಇಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಇಂದಲ್ಲ, ರ ಗ ಸ ದ ಅ ಇಂದ. (ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ "ಇನ್ನೂ ಅಆಇಈ ಬರಲ್ವಾ" ಎಂದು ಮಕ್ಕಳನ್ನು ಗದರುತ್ತಾರೆ. ಕೇಳಿದರೆ ಸಂಕಟವಾಗುತ್ತದೆ.) ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ ಎಲ್ಲ ಓದಬಹುದು. ಇವಳು ನೆಲದ ಹತ್ತಿರದ ಗೋಡೆ ಹಲಗೆ ಮೇಲೆ "ಗರಗಸ" ಬರೆದು ತೋರಿಸಿದ್ದಾಳೆ. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಅದೇನೆಂದು ಇವಳು ಕೈಯಲ್ಲಿ ಕೊಯ್ದು ತೋರಿಸಿದ ಮೇಲೆ, "ನಮ್ಮಪ್ಪನ ಹತ್ರ ಇದೆ" ಅಂದನಂತೆ.

"ಅವ್ನು ಮಾತಾಡಿದ ಅಮ್ಮಾ!" ಆ ಖುಷಿಯಲ್ಲಿ ಇವಳ ಹಪ್ಪಳ ಹಾಗೇ ಉಳಿಯಿತು. ಇದು ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ. ನಾನು ಕೇಳದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಏಳನೇ ಕ್ಲಾಸಿನ ದೊಡ್ಡವನು ಹಾಗೆ ಕೂತು ಹೇಳುವವನಲ್ಲ. ಮುಖ ನೋಡಿ ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಕೊಟ್ಟಿಗೆಯಲ್ಲಿ ಹುಲ್ಲು ಹಾಕುವಾಗ, "ಬಿಸಿಯೂಟಕ್ಕೆ ಯಾರ ಪಕ್ಕ ಕೂತಿದ್ದೆ?" ಎಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಅವನ ಜೀವದ ಗೆಳೆಯ ಈಗ ಊಟಕ್ಕೆ ಅವನ ಪಕ್ಕದಲ್ಲಿಲ್ಲ ಅನ್ನುವುದು ಹೊರಬಂತು. ಮೊಟ್ಟೆ ತಿನ್ನುವವರು ಒಂದು ಕಡೆ, ಬಾಳೆಹಣ್ಣಿನವರು ಒಂದು ಕಡೆ. ಯಾರೂ ಹಾಗೆ ಕೂರಿ ಎಂದು ಹೇಳಿಲ್ಲ. ಬಡಿಸುವುದಕ್ಕೆ ಸುಲಭವೆಂದು ಶುರುವಾಗಿದ್ದು, ಹಾಗೇ ಉಳಿದಿದೆ.

ಶಾಲೆಗೆ ಫೋನ್ ಮಾಡುತ್ತೇನೆ ಅನ್ನುವ ಮಾತು ನಾಲಿಗೆ ತುದಿಗೆ ಬಂತು. ತಡೆದುಕೊಂಡೆ. ಹೇಳಿದ್ದಕ್ಕೆಲ್ಲ ದೊಡ್ಡವರು ಎದ್ದು ಹೊರಟರೆ ಮುಂದಿನ ಸಲ ಮಕ್ಕಳು ಹೇಳುವುದಿಲ್ಲ. "ನಿಂಗೆ ಎಂತ ಅನ್ಸತ್ತೆ?" ಎಂದಷ್ಟೇ ಕೇಳಿದೆ.

"ಸರಿ ಅನ್ಸಲ್ಲ. ನಾಳೆ ನನ್ನ ಬಾಳೆಹಣ್ಣು ತಗೊಂಡು ಅವನ ಪಕ್ಕನೇ ಹೋಗಿ ಕೂರ್ಲಾ?"

"ಕೂತ್ಕೋ" ಅಂದೆ.