ಒಬ್ಬಳೇ ಪತ್ತೇದಾರಿ, 25 ಪುಸ್ತಕ: ಬೇಜಾರಾಗಲ್ವಾ?

ಪುಸ್ತಕದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಇದನ್ನು ಕೇಳಿಯೇ ಕೇಳುತ್ತಾರೆ. ‘ಒಬ್ಬಳೇ ಪತ್ತೇದಾರಿ, ಒಂದೇ ಊರು, 25 ಪುಸ್ತಕ. ಬೇಜಾರಾಗಲ್ವಾ?’ ಸರಣಿ ಪೂರ್ತಿಯಾಗಿಲ್ಲ ಅಂತ ಗೊತ್ತಿರುವವರು ಇನ್ನೊಂದು ಸೇರಿಸುತ್ತಾರೆ: ‘ಕೊನೆಯೇ ಇಲ್ಲದ್ದನ್ನ ಓದಿ ಏನು ಸಿಗುತ್ತೆ?’

ಅವರು ಕೇಳುವುದು ಸೂ ಗ್ರಾಫ್ಟನ್ ಬರೆದ ಕಿನ್ಸಿ ಮಿಲ್‌ಹೋನ್ ಕಾದಂಬರಿಗಳ ಬಗ್ಗೆ. ಓದಿಲ್ಲದವರಿಗೆ ಎರಡು ಮಾತು. ಗ್ರಾಫ್ಟನ್ ಅಮೆರಿಕದ ಕೆಂಟಕಿಯವರು. 1982ರಲ್ಲಿ ಅವರ ‘ಎ ಈಸ್ ಫಾರ್ ಅಲಿಬೈ’ ಬಂತು. ಆಮೇಲೆ ಬಿ, ಸಿ, ಡಿ ಅಂತ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಕಾದಂಬರಿ. 2017ರಲ್ಲಿ ‘ವೈ’ ಬಂತು. ಅದೇ ವರ್ಷ ಡಿಸೆಂಬರ್ ಕೊನೆಯಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ‘ಝಡ್’ ಉಳಿದೇ ಹೋಯಿತು.

ಕೊಲೆಗಾರ ಯಾರು ಅಂತ ತಿಳಿಯೋಕೆ ನಾನು ಈ ಸರಣಿ ಓದುವುದಿಲ್ಲ. ಓದಿ ಕೆಲವು ತಿಂಗಳಾದರೆ ಕೊಲೆಗಾರನ ಹೆಸರೇ ಮರೆತುಹೋಗುತ್ತದೆ. ಮರೆಯದೆ ಉಳಿಯುವವನು ಹೆನ್ರಿ ಪಿಟ್ಸ್. ಕಿನ್ಸಿಯ ಮನೆ ಮಾಲೀಕ. ವಯಸ್ಸು 80 ದಾಟಿದೆ. ಬೇಕರಿ ಕೆಲಸದಿಂದ ನಿವೃತ್ತನಾಗಿದ್ದಾನೆ, ಆದರೂ ಬ್ರೆಡ್ ಮಾಡುವುದು ಬಿಟ್ಟಿಲ್ಲ. ಪದಬಂಧ ರಚಿಸುತ್ತಾನೆ. ಮೊದಲು ಗ್ಯಾರೇಜ್ ಆಗಿದ್ದ ಜಾಗವನ್ನು ಪುಟ್ಟ ಮನೆ ಮಾಡಿ ಅವಳಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಹತ್ತಿರದಲ್ಲೇ ರೋಸಿ ಅನ್ನುವ ಹಂಗೇರಿಯನ್ ಹೆಂಗಸಿನ ಹೋಟೆಲು. ಅಲ್ಲಿ ಏನು ತಿನ್ನಬೇಕು ಅನ್ನೋದನ್ನ ಗಿರಾಕಿ ತೀರ್ಮಾನಿಸುವ ಹಾಗಿಲ್ಲ, ರೋಸಿ ತೀರ್ಮಾನಿಸುತ್ತಾಳೆ. ಮುಂದೆ ಒಂದು ಪುಸ್ತಕದಲ್ಲಿ ಹೆನ್ರಿಯ ಅಣ್ಣ ವಿಲಿಯಂ ಅವಳನ್ನೇ ಮದುವೆಯಾಗುತ್ತಾನೆ. ಇಳಿವಯಸ್ಸಿನ ಆ ಮದುವೆ ಓದುವಾಗ ನಮ್ಮ ಬೀದಿಯಲ್ಲೇ ನಡೆಯುತ್ತಿದೆ ಅನ್ನಿಸುವಷ್ಟು ಹತ್ತಿರದವರಾಗಿಬಿಟ್ಟಿರುತ್ತಾರೆ ಇವರೆಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 1988ರ ‘ಇ’ ಕಾದಂಬರಿಯಲ್ಲಿ ಬಾಂಬ್ ಸಿಡಿದು ಕಿನ್ಸಿಯ ಆ ಪುಟ್ಟ ಮನೆ ಹಾಳಾಗುತ್ತದೆ. ಮುಂದಿನ ಪುಸ್ತಕದಲ್ಲಿ ಅವಳಿಗೆ ಸ್ವಂತ ಗೂಡಿಲ್ಲ, ಹೆನ್ರಿಯ ಮನೆಯಲ್ಲೇ ಮಲಗುತ್ತಾಳೆ. 1990ರ ‘ಜಿ’ ಶುರುವಾಗುವುದು ಅವಳ 33ನೇ ಹುಟ್ಟುಹಬ್ಬದ ದಿನ. ಅವತ್ತು ಹೆನ್ರಿ ಹೊಸದಾಗಿ ಕಟ್ಟಿಸಿದ ಮನೆಗೆ ಅವಳು ಕಾಲಿಡುತ್ತಾಳೆ. ಒಳಗೆಲ್ಲ ಹಡಗಿನ ಕೋಣೆಯ ಥರ ತೇಗದ ಕೆಲಸ. ದುಂಡನೆಯ ಕಿಟಕಿ. ಮೇಲಕ್ಕೆ ಸುರುಳಿ ಮೆಟ್ಟಿಲು. ಹಾಸಿಗೆಯಲ್ಲಿ ಮಲಗಿ ತಲೆಯೆತ್ತಿದರೆ ಗಾಜಿನಾಚೆ ಆಕಾಶ. ‘ಜಿ’ಯನ್ನೇ ಮೊದಲು ಕೈಗೆತ್ತಿಕೊಂಡವರಿಗೆ ಇದು ಒಂದು ಮನೆಯ ವರ್ಣನೆ, ಅಷ್ಟೇ. ಹಿಂದಿನಿಂದ ಓದಿಕೊಂಡು ಬಂದವರಿಗೆ ಕಣ್ಣು ಒದ್ದೆಯಾಗುತ್ತದೆ. ಯಾರಿಗೂ ಅಂಟಿಕೊಳ್ಳದೆ ಬದುಕುವ ಹೆಂಗಸು ಅವಳು. ಎರಡು ಸಲ ಡೈವೋರ್ಸ್ ಆಗಿದೆ. ಅಂಥವಳಿಗಾಗಿ ಒಬ್ಬ ಮುದುಕ ಒಂದೊಂದು ಮೂಲೆಯನ್ನೂ ಯೋಚಿಸಿ ಮನೆ ಕಟ್ಟಿಸಿದ್ದಾನೆ. ಈ ಸಂತೋಷ ಬೇಕಿದ್ದರೆ ಹಿಂದಿನ ಆರೂ ಪುಸ್ತಕ ಓದಿರಬೇಕು.

ಇದಕ್ಕಿಂತ ದೊಡ್ಡದೊಂದಿದೆ. ಐದು ವರ್ಷದವಳಿದ್ದಾಗ ಕಾರು ಅಪಘಾತದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಿನ್ಸಿ ಕಳೆದುಕೊಂಡಳು. ಚಿಕ್ಕಮ್ಮ ಜಿನ್ ಸಾಕಿದಳು. ತನಗೆ ಬೇರೆ ಬಂಧುಗಳೇ ಇಲ್ಲ ಅಂತಲೇ ಅವಳು ನಂಬಿಕೊಂಡಿರುತ್ತಾಳೆ. 1993ರ ‘ಜೆ’ ಕಾದಂಬರಿಯಲ್ಲಿ, ಬೇರೆ ಯಾವುದೋ ಕೇಸಿನ ನಡುವೆ, ಹತ್ತಿರದ ಊರಲ್ಲೇ ಅಮ್ಮನ ಕಡೆಯವರು ತುಂಬಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಅಜ್ಜಿ ಕೂಡ ಇದ್ದಾಳೆ. ಕಿನ್ಸಿಗೆ ಸಂತೋಷವಾಗುವುದಿಲ್ಲ, ಸಿಟ್ಟು ಬರುತ್ತದೆ. ಇಷ್ಟು ವರ್ಷ ಎಲ್ಲಿದ್ದಿರಿ? ಆ ಸಿಟ್ಟು ಪುಸ್ತಕದಿಂದ ಪುಸ್ತಕಕ್ಕೆ ಒಳಗೊಳಗೇ ಇರುತ್ತದೆ. 2009ರ ‘ಯು’ನಲ್ಲಿ ಹಳೆಯ ಪತ್ರಗಳು ಅವಳ ಕೈಗೆ ಬರುತ್ತವೆ. ಅಜ್ಜಿ ಅವಳನ್ನು ಮರೆತಿರಲಿಲ್ಲ, ತಾನೇ ಸಾಕಬೇಕು ಅಂತ ಹೋರಾಡಿದ್ದಳು ಅಂತ ಆಗ ತಿಳಿಯುತ್ತದೆ.

‘ಜೆ’ ಬಂದಾಗಲೇ ಓದಿದ್ದವರು ಈ ಉತ್ತರಕ್ಕೆ 16 ವರ್ಷ ಕಾದಿದ್ದಾರೆ. ಇಷ್ಟು ತಡ ಮಾಡುವ ಧೈರ್ಯ ಒಂದೇ ಕಾದಂಬರಿ ಬರೆಯುವ ಲೇಖಕರಿಗೆ ಎಲ್ಲಿಂದ ಬರಬೇಕು? ಓದುಗರು ಬಿಟ್ಟುಹೋಗುವುದಿಲ್ಲ ಅನ್ನುವ ನಂಬಿಕೆ ಇದ್ದರೆ ಮಾತ್ರ ಹೀಗೆ ಬರೆಯಲು ಸಾಧ್ಯ. ಓದುಗರ ನಿಷ್ಠೆ ಅಂದರೆ ಸುಮ್ನೆ ಅಭ್ಯಾಸಬಲ, ಹೊಸದು ಹುಡುಕುವ ಸೋಮಾರಿತನ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ನಿಷ್ಠೆಯಿಂದ ಬರಹಗಾರರಿಗೆ ಸ್ವಾತಂತ್ರ್ಯ ಸಿಗುತ್ತದೆ. 2005ರ ‘ಎಸ್’ ಕಾದಂಬರಿ ನೋಡಿ. ಅಲ್ಲಿವರೆಗೆ ಎಲ್ಲ ಕಥೆಯನ್ನೂ ಕಿನ್ಸಿಯೇ ‘ನಾನು’ ಅಂತ ಹೇಳುತ್ತಿದ್ದಳು. ಪ್ರತಿ ಕಥೆಯೂ ಕಕ್ಷಿದಾರರಿಗೆ ಒಪ್ಪಿಸುವ ವರದಿಯ ಥರ, ಕೊನೆಯಲ್ಲಿ ‘ಗೌರವಪೂರ್ವಕವಾಗಿ ಸಲ್ಲಿಸಿದ್ದು’ ಅಂತ ಅವಳ ಸಹಿ ಬೇರೆ. 18 ಪುಸ್ತಕ ಹೀಗೆ ಬರೆದು, 19ನೆಯದರಲ್ಲಿ ಗ್ರಾಫ್ಟನ್ ದಾರಿ ಬದಲಿಸಿದರು. ಹೊಚ್ಚ ಹೊಸ ಕಾರಿನಲ್ಲಿ ಹೊರಟ ಒಬ್ಬಳು 1953ರ ಜುಲೈ 4ರಂದು ಕಾಣೆಯಾಗಿದ್ದಾಳೆ. ಆ ಕಾಲದ ಅಧ್ಯಾಯಗಳನ್ನು ಬೇರೆಬೇರೆಯವರ ಕಣ್ಣಿಂದ ನೋಡಿ ಬರೆದು, ಕಿನ್ಸಿಯ ಹುಡುಕಾಟದ ನಡುನಡುವೆ ಇಟ್ಟರು. ನನ್ನ ಲೆಕ್ಕದಲ್ಲಿ ಸರಣಿಯ ಅತ್ಯುತ್ತಮ ಪುಸ್ತಕ ಇದೇ. ಕೊನೆಕೊನೆಯವು ಕೆಲವು ಜಾಸ್ತಿ ಉದ್ದವಾದವು ಅನ್ನೋದೂ ನಿಜ. ಆದರೂ ಓದಿದೆ, ಮತ್ತೆ ಓದುತ್ತೇನೆ.

ವಯಸ್ಸಿನ ವಿಷಯ ಹೇಳಲೇಬೇಕು. ದೀರ್ಘ ಸರಣಿ ಬರೆಯುವ ಎಲ್ಲರಿಗೂ ಇದು ತಲೆನೋವು. ಅಗಾಥಾ ಕ್ರಿಸ್ಟಿಯ ಪತ್ತೇದಾರ ಪೊಯ್ರೊ 1920ರ ಮೊದಲ ಕಾದಂಬರಿಯಲ್ಲೇ ನಿವೃತ್ತ ಪೊಲೀಸ್. 1975ರವರೆಗೂ ಅವನನ್ನು ಎಳೆದುಕೊಂಡು ಬಂದರು. ಇಯಾನ್ ರ‍್ಯಾಂಕಿನ್ ತಮ್ಮ ಕಥೆಗಳ ಪೊಲೀಸ್ ಅಧಿಕಾರಿ ರೀಬಸ್‌ಗೆ ನಿಜವಾದ ವಯಸ್ಸು ಕೊಟ್ಟರು, 60 ಆದಾಗ ಅವನು ನೌಕರಿ ಬಿಡಬೇಕಾಯಿತು. ಗ್ರಾಫ್ಟನ್ ಮಾಡಿದ್ದು ಬೇರೆ. ಕೆಲವು ಪುಸ್ತಕಕ್ಕೆ ಒಂದು ವರ್ಷ ಅನ್ನುವ ಲೆಕ್ಕ ಇಟ್ಟುಕೊಂಡರು. ಹಾಗಾಗಿ ಹೊರಗೆ 35 ವರ್ಷ ಕಳೆದರೂ ಕಥೆಯೊಳಗೆ 1982ರಿಂದ 1989ಕ್ಕೆ ಬಂದಿರುತ್ತೇವೆ, ಅಷ್ಟೇ. ಮೊಬೈಲ್ ಇಲ್ಲ, ಇಂಟರ್ನೆಟ್ ಇಲ್ಲ. ಕಿನ್ಸಿ ಗೊತ್ತಾದ ಒಂದೊಂದು ಸಂಗತಿಯನ್ನೂ ಪುಟ್ಟ ಕಾರ್ಡುಗಳ ಮೇಲೆ ಬರೆದು, ಅವನ್ನು ಹರಡಿಕೊಂಡು ಕೂರುತ್ತಾಳೆ. ಲೈಬ್ರರಿಗೆ ಹೋಗಿ ಹಳೆಯ ಡೈರೆಕ್ಟರಿ ತಿರುವುತ್ತಾಳೆ. ಓದುಗ ಅವಳ ಜೊತೆಜೊತೆಗೇ ನಡೆಯಬಹುದು.

ಇನ್ನು ‘ಝಡ್’ ಬಗ್ಗೆ. ಅದಕ್ಕೆ ‘ಝೀರೊ’ ಅಂತ ಹೆಸರಿಡುವುದಾಗಿ ಗ್ರಾಫ್ಟನ್ ಮೊದಲೇ ಹೇಳಿದ್ದರು. ಬೇರೆಯವರಿಂದ ಬರೆಸಿ ಮಾರಬಹುದಿತ್ತು. ಪೊಯ್ರೊನನ್ನು 2014ರಿಂದ ಸೋಫಿ ಹನ್ನಾ ಮುಂದುವರಿಸಿದ್ದಾರಲ್ಲ. ಗ್ರಾಫ್ಟನ್‌ಗೆ ಅದು ಬೇಡವಾಗಿತ್ತು. ಅವರು ತೀರಿಕೊಂಡಾಗ ಮಗಳು, ನಮ್ಮ ಕುಟುಂಬದ ಮಟ್ಟಿಗೆ ವರ್ಣಮಾಲೆ ವೈಗೇ ಮುಗಿಯಿತು ಎಂದರು. ಆ ಮಾತು ಓದಿದಾಗ ದುಃಖದ ಜೊತೆಗೆ ಸಮಾಧಾನವೂ ಆಯಿತು. ಸಿನಿಮಾ, ಟಿವಿಗೂ ಕಿನ್ಸಿಯನ್ನು ಕೊಡುವುದಿಲ್ಲ ಅಂತ ಗ್ರಾಫ್ಟನ್ ಬದುಕಿರುವತನಕ ಪಟ್ಟು ಹಿಡಿದಿದ್ದರು. ಸ್ವತಃ ಹಾಲಿವುಡ್‌ನಲ್ಲಿ ಚಿತ್ರಕಥೆ ಬರೆದವರು, ಅಲ್ಲಿ ಕಥೆಗಳಿಗೆ ಏನಾಗುತ್ತದೆ ಅಂತ ಕಂಡವರು. 2021ರಲ್ಲಿ ಟಿವಿ ಹಕ್ಕು ಒಂದು ಸ್ಟುಡಿಯೋಗೆ ಹೋಯಿತು. ಹಳೆಯ ಓದುಗರು ಎಷ್ಟೋ ಜನ ನೊಂದುಕೊಂಡರು, ನಾನೂ ಅವರಲ್ಲೊಬ್ಬಳು. ಮನೆಯವರಿಗೆ ಅವರದೇ ಕಾರಣ ಇರಬಹುದು. ಆದರೆ ಇಷ್ಟು ವರ್ಷ ಓದುಗರಿಗೆ ಕೊಟ್ಟ ಮಾತು ಅದು. ಧಾರಾವಾಹಿ ಬಂದರೂ ನಾನು ನೋಡುವುದಿಲ್ಲ.

ಇದೆಲ್ಲ ಬರೀ ಇಂಗ್ಲಿಷ್ ಓದುಗರ ಹುಚ್ಚು ಅಂದುಕೊಳ್ಳಬೇಡಿ. ನಮ್ಮಲ್ಲಿ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದ ನಮ್ಮ ಮನೆಯ ಹಿರಿಯರು ಇವತ್ತಿಗೂ ಪುಸ್ತಕದ ಹೆಸರು ಹೇಳುವುದಿಲ್ಲ, ‘ಪತ್ತೇದಾರ ಪುರುಷೋತ್ತಮನ ಪುಸ್ತಕ’ ಅನ್ನುತ್ತಾರೆ. ಆ ಅಕ್ಕರೆಯೂ ಇದೇ ಜಾತಿಯದು. ಅದರ ಬಗ್ಗೆ ನಮ್ಮಲ್ಲಿ ಯಾರೂ ಸಾಕಷ್ಟು ಬರೆದಿಲ್ಲ ಅನ್ನೋ ಕೊರಗು ನನಗಿದೆ.

ಇಷ್ಟು ಹೇಳಿದ ಮೇಲೆ ಸಾಮಾನ್ಯವಾಗಿ ಬರುವ ಮುಂದಿನ ಪ್ರಶ್ನೆ, ‘ಹಾಗಾದರೆ ಎಲ್ಲಿಂದ ಶುರು ಮಾಡಲಿ?’ ಪುರುಸೊತ್ತಿದ್ದರೆ ‘ಎ’ಯಿಂದಲೇ ಮಾಡಿ. ಒಂದೇ ಒಂದು ಓದಿ ನೋಡುತ್ತೇನೆ ಅನ್ನುವವರಿಗೆ ‘ಎಸ್’ ಸಾಕು, ಹಿಂದಿನದು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಆದರೆ ದಯವಿಟ್ಟು ‘ಜೆ’ ಓದದೆ ‘ಯು’ ಮಾತ್ರ ಮುಟ್ಟಬೇಡಿ.